ನಿರ್ಲೇಪ ಬಾಣಲೆಯ ಚರಿತ್ರೆ

ರಾಜರ ವಂಶಾವಳಿಗಳನ್ನೂ ಯುದ್ಧಗಳ ಇಸವಿಗಳನ್ನೂ ಬರೆದಿಟ್ಟವರು ಅನೇಕರುಂಟು. ಒಲೆಯ ಮೇಲಣ ಪಾತ್ರೆಯ ಚರಿತ್ರೆಯನ್ನು ಬರೆದಿಟ್ಟವರು ವಿರಳ. ದಿನಕ್ಕೆ ಎರಡು ಸಲ ಕಣ್ಣಿಗೆ ಬೀಳುವ ವಸ್ತುವಿಗೆ ಚರಿತ್ರೆಯೊಂದು ಇರಬಹುದೆಂಬ ಯೋಚನೆಯೇ ಸಾಮಾನ್ಯವಾಗಿ ಹುಟ್ಟುವುದಿಲ್ಲ. ಆದರೆ ಕನ್ನಡದ ಗಾದೆಯು ಈ ವಿಷಯದಲ್ಲಿ ಪಂಡಿತರಿಗಿಂತ ಸೂಕ್ಷ್ಮದೃಷ್ಟಿಯುಳ್ಳದ್ದು. "ಎಲ್ಲರ ಮನೆಯ ದೋಸೆಯೂ ತೂತು, ನಮ್ಮ ಮನೆಯ ಕಾವಲಿಯೇ ತೂತು" ಎಂದು ಅದು ಹೇಳುವಾಗ, ಸಂಸಾರದ ಗುಣದೋಷಗಳನ್ನು ಅಳೆಯುವುದಕ್ಕೆ ಕಾವಲಿಯನ್ನೇ ಅಳತೆಗೋಲನ್ನಾಗಿ ಹಿಡಿದಿದೆ. ತಿಂಡಿಯ ದೋಷವು ಒಂದು ಹೊತ್ತಿನದು. ಪಾತ್ರೆಯ ದೋಷವು ನಿತ್ಯದ್ದು.

ಈಚಿನ ವರುಷಗಳಲ್ಲಿ ಪಾತ್ರೆಯ ಅಂಗಡಿಗಳಿಗೆ ಹೋಗಿ ನೋಡಲಾಗಿ, ಸಾಧಾರಣ ಬಾಣಲೆಗಳ ನಡುವೆ "ಹೈಬ್ರಿಡ್" ಎಂಬ ಹೆಸರನ್ನು ಹೊತ್ತ ಒಂದು ಹೊಸ ಜಾತಿಯ ಬಾಣಲೆಯು ಕಾಣಬರುತ್ತದೆ. ಅದರ ಒಳಮೈಯಲ್ಲಿ ಜೇನುಗೂಡಿನ ಕಣಗಳಂತೆ ಆರು ಮೂಲೆಗಳ ರೇಖೆಗಳು ಉಬ್ಬಿ ನಿಂತಿರುತ್ತವೆ. ಉಬ್ಬಿದ ರೇಖೆಗಳು ಉಕ್ಕು. ಅವುಗಳ ನಡುವಣ ತಗ್ಗುಗಳಲ್ಲಿ ಯಾವುದೂ ಅಂಟದ ಕಪ್ಪು ಲೇಪ. ಬೆಲೆಯು ಸಾಧಾರಣ ಬಾಣಲೆಗಿಂತ ಎಷ್ಟೋ ಪಾಲು ಹೆಚ್ಚು. ಲೋಹದ ದಾರ್ಢ್ಯವೂ ಲೇಪದ ನುಣುಪೂ ಇದೊಂದರಲ್ಲಿಯೇ ಕೂಡಿವೆಯೆಂದು ಮಾರುವವರು ಹೇಳುತ್ತಾರೆ. ಈ ಮಾತು ಎಷ್ಟರಮಟ್ಟಿಗೆ ನಿಜ, ಕೊಂಡ ಬಳಿಕ ಅದನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದನ್ನು ತಿಳಿಯಬೇಕಾದರೆ ಅದರ ಪೂರ್ವಿಕರನ್ನು ವಿಚಾರಿಸಬೇಕು. ವರನ ಕುಲಗೋತ್ರಗಳನ್ನು ವಿಚಾರಿಸುವ ಗೃಹಸ್ಥರು ಹತ್ತು ವರುಷ ಮನೆಯಲ್ಲಿರಬೇಕೆಂದು ತರುವ ಪಾತ್ರೆಯ ವಿಷಯದಲ್ಲಿಯೂ ಅಷ್ಟು ಶ್ರಮವನ್ನು ವಹಿಸುವುದು ಉಚಿತ.

ಅಂಟದಿರುವ ಪಾತ್ರೆಯ ಬಯಕೆಯು ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ "ಮಾನಸೋಲ್ಲಾಸ"ದಲ್ಲಿ ದೋಸೆಯ ಪೂರ್ವರೂಪವೆನ್ನಬಹುದಾದ "ಧೋಸಕ"ದ ಪ್ರಸ್ತಾಪವಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಅಡಿಗೆಯ ವಿಷಯವಾಗಿಯೇ "ಸೂಪಶಾಸ್ತ್ರ"ವೆಂಬ ಕನ್ನಡ ಗ್ರಂಥವನ್ನು ರಚಿಸಿದನು. ಹಿಟ್ಟನ್ನು ಕಾದ ಮೈಯ ಮೇಲೆ ಹರಡಿ ಹರಿಯದಂತೆ ಎಬ್ಬಿಸುವ ವಿದ್ಯೆಯು ಈ ನಾಡಿಗೆ ಬಹುಕಾಲದಿಂದ ಪರಿಚಿತವಾದುದು. ಆ ವಿದ್ಯೆಗೆ ಆಶ್ರಯವಾದುದು ಕಬ್ಬಿಣದ ಕಾವಲಿ. ಹೊಸ ಕಾವಲಿಯಲ್ಲಿ ಮೊದಲ ಹತ್ತು ದೋಸೆಗಳು ಏಳುವುದಿಲ್ಲವೆಂಬುದು ಪ್ರತಿಯೊಂದು ಮನೆಯ ಹಿರಿಯ ಗೃಹಿಣಿಯೂ ಬಲ್ಲ ಸಂಗತಿ. ಎಣ್ಣೆಯನ್ನು ಸವರಿ ಕಾಯಿಸಿ, ಆರಿಸಿ, ಮತ್ತೆ ಸವರಿ ಕಾಯಿಸಲಾಗಿ, ಎಣ್ಣೆಯ ಕಣಗಳು ಕಾವಿನಿಂದ ಒಂದಕ್ಕೊಂದು ಹೆಣೆದುಕೊಂಡು ಕಬ್ಬಿಣದ ಮೇಲೆ ಗಟ್ಟಿಯಾದ ತೆಳುಪೊರೆಯಾಗಿ ನಿಲ್ಲುತ್ತವೆ. ಸಂಸ್ಕೃತದಲ್ಲಿ "ಸ್ನೇಹ"ವೆಂಬ ಒಂದೇ ಶಬ್ದಕ್ಕೆ ಎಣ್ಣೆಯೆಂದೂ ಪ್ರೀತಿಯೆಂದೂ ಎರಡು ಅರ್ಥಗಳಿರುವುದು ಈ ಕಾವಲಿಯ ವಿಷಯದಲ್ಲಿ ಸಾರ್ಥಕವಾಗಿದೆ. ಎರಡನ್ನೂ ಕೊಟ್ಟಷ್ಟು ಕಾಲ ಅದು ಮನೆಯವರಿಗೆ ಒಲಿದಿರುತ್ತದೆ. ಬಳಸಿದಷ್ಟೂ ಉತ್ತಮವಾಗುತ್ತ ಹೋಗುತ್ತದೆ.

ಇದಲ್ಲದೆ ಇನ್ನೊಂದು ಪದ್ಧತಿಯೂ ನಮ್ಮಲ್ಲಿ ಬಳಕೆಯಲ್ಲಿತ್ತು. ಹಿತ್ತಾಳೆ ತಾಮ್ರಗಳ ಪಾತ್ರೆಯಲ್ಲಿ ಹುಳಿಯ ಪದಾರ್ಥವು ಕಿಲುಬೇಳದಂತೆ ಒಳಗೆ ತವರದ ಕಲಾಯಿಯನ್ನು ಹಾಕಿಸುತ್ತಿದ್ದರು. ತವರವು ಸೆಂಟಿಗ್ರೇಡ್ ಮಾನದ 232 ಡಿಗ್ರಿಯಲ್ಲಿಯೇ ಕರಗುವ ಮೃದುಲೋಹ. ಆದಕಾರಣ ಕಲಾಯಿಯ ಪಾತ್ರೆಯನ್ನು ಬರಿದಾಗಿ ಉರಿಯ ಮೇಲಿಡಬಾರದು, ಒರಟಾಗಿ ತಿಕ್ಕಬಾರದು ಎಂಬ ಕಟ್ಟಳೆಗಳಿದ್ದುವು. ಆದರೂ ಕಲಾಯಿಯು ಸವೆಯುತ್ತಲೇ ಇತ್ತು. ಕಲಾಯಿಗಾರನು ತಿದಿಯನ್ನು ಹೊತ್ತು ಬೀದಿಗೆ ಬಂದು ಅದನ್ನು ಹೊಸದು ಮಾಡಿಕೊಡುತ್ತಲೇ ಇದ್ದನು. ಲೇಪವೆಂಬುದು ಸವೆಯುವ ವಸ್ತು, ಅದನ್ನು ಕಾಲಕಾಲಕ್ಕೆ ಹೊಸದು ಮಾಡಬೇಕು ಎಂಬ ತತ್ತ್ವವನ್ನು ಅಂದಿನ ಮನೆತನಗಳು ಯಾವ ತರ್ಕವೂ ಇಲ್ಲದೆ ಒಪ್ಪಿಕೊಂಡಿದ್ದುವು. ಮುಂದೆ ಬರುವ ಚರಿತ್ರೆಗೆ ಈ ಎರಡು ಪಾತ್ರೆಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಹೊಸ ಲೇಪದ ಜನ್ಮವಾದುದು ಅಡಿಗೆಯ ಮನೆಯಲ್ಲಿ ಅಲ್ಲ, ಅಮೆರಿಕ ದೇಶದ ಒಂದು ರಸಾಯನಶಾಲೆಯಲ್ಲಿ. ನ್ಯೂಜರ್ಸಿ ಸಂಸ್ಥಾನದ ಡೀಪ್‌ವಾಟರ್ ಎಂಬಲ್ಲಿ ಡ್ಯೂಪಾಂಟ್ ಕಂಪೆನಿಯವರ ಜಾಕ್ಸನ್ ಪ್ರಯೋಗಶಾಲೆಯಿತ್ತು. ಅಲ್ಲಿ ರಾಯ್ ಪ್ಲಂಕೆಟ್ ಎಂಬ 27 ವರುಷದ ರಸಾಯನಶಾಸ್ತ್ರಜ್ಞನು ಪದಾರ್ಥಗಳನ್ನು ತಣ್ಣಗಿಡುವ ಯಂತ್ರಗಳಿಗಾಗಿ ಹೊಸ ಅನಿಲಗಳನ್ನು ಶೋಧಿಸುತ್ತಿದ್ದನು. 1938ನೆಯ ಇಸವಿ ಏಪ್ರಿಲ್ 6ನೆಯ ತಾರೀಖು ಅವನೂ ಅವನ ಸಹಾಯಕನಾದ ಜಾಕ್ ರೆಬೋಕನೂ ಒಂದು ಅನಿಲದ ಉರುಳೆಯ ಕೀಲನ್ನು ತಿರುಗಿಸಲಾಗಿ ಅನಿಲವು ಹೊರಕ್ಕೆ ಬರಲಿಲ್ಲ. ತೂಗಿ ನೋಡಿದರೆ ಉರುಳೆಯ ಭಾರವು ಕಡಿಮೆಯಾಗಿರಲಿಲ್ಲ. ಬೇರೊಬ್ಬರಾಗಿದ್ದರೆ ಕೆಟ್ಟುಹೋಯಿತೆಂದು ಅದನ್ನು ಬದಿಗಿಡುತ್ತಿದ್ದರು. ಇವರು ಉರುಳೆಯನ್ನೇ ಗರಗಸದಿಂದ ಕೊಯ್ದು ನೋಡಿದರು. ಅನಿಲವಿದ್ದ ಸ್ಥಳದಲ್ಲಿ ಮೇಣದಂತೆ ನುಣುಪಾದ ಬಿಳಿಯ ಪುಡಿಯಿತ್ತು. ಕಾಗೆಯು ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಯಿತೆಂಬ ಕಾಕತಾಲೀಯ ನ್ಯಾಯಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆಯು ದೊರೆಯುವುದು ಕಷ್ಟ. ಆದರೆ ಬಿದ್ದ ಹಣ್ಣನ್ನು ಎತ್ತಿಕೊಳ್ಳುವ ಬುದ್ಧಿಯು ಮಾತ್ರ ಕಾಕತಾಲೀಯವಲ್ಲ.

ಆ ಪುಡಿಯೇ ಪಾಲಿಟೆಟ್ರಾಫ್ಲೂರೋಎಥಿಲೀನ್, ಸಂಕ್ಷೇಪವಾಗಿ ಪಿ.ಟಿ.ಎಫ್.ಇ. ಅಂಗಾರಕದ ಉದ್ದವಾದ ಸರಪಣಿಯೊಂದನ್ನು ಎಲ್ಲ ಕಡೆಗಳಿಂದಲೂ ಫ್ಲೂರಿನ್ ಅಣುಗಳು ಕವಚದಂತೆ ಮುಚ್ಚಿಕೊಂಡಿರುವುದೇ ಇದರ ರಚನೆ. ಅಂಗಾರಕ ಫ್ಲೂರಿನ್‌ಗಳ ಬಂಧವು ಬಹು ದೃಢವಾದುದರಿಂದ ಆಮ್ಲ ಕ್ಷಾರಗಳಾಗಲಿ, ಎಣ್ಣೆ ನೀರುಗಳಾಗಲಿ ಇದನ್ನು ಹಿಡಿಯಲಾರವು. ತಾವರೆಯ ಎಲೆಯ ಮೇಲಿನ ನೀರಿನ ಹನಿಯಂತೆ ಎಲ್ಲವೂ ಜಾರಿಹೋಗುತ್ತವೆ. ಇದು ಕರಗುವುದು ಸುಮಾರು 327 ಡಿಗ್ರಿಯ ಕಾವಿನಲ್ಲಿ. 1941ರಲ್ಲಿ ಪ್ಲಂಕೆಟನ ಹೆಸರಿನಲ್ಲಿ ಹಕ್ಕುಪತ್ರವು ದೊರೆಯಿತು. 1945ರಲ್ಲಿ ಕಂಪೆನಿಯವರು "ಟೆಫ್ಲಾನ್" ಎಂಬ ಹೆಸರನ್ನು ದಾಖಲು ಮಾಡಿಸಿದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧವು ನಡೆದಿತ್ತು. ಅಣುಬಾಂಬಿನ ತಯಾರಿಕೆಯಲ್ಲಿ ಬಳಸುತ್ತಿದ್ದ ಯುರೇನಿಯಂ ಹೆಕ್ಸಾಫ್ಲೂರೈಡ್ ಎಂಬ ಘೋರವಾದ ಅನಿಲವು ಲೋಹದ ಕೊಳಾಯಿಗಳ ಬೆಸುಗೆಗಳನ್ನು ತಿಂದುಹಾಕುತ್ತಿದ್ದಿತು. ಅದನ್ನು ತಡೆಯುವುದಕ್ಕೆ ಈ ಬಿಳಿಯ ವಸ್ತುವೇ ಒದಗಿತು. ಇಂದು ಶಿಶುಗಳಿಗೆ ದೋಸೆಯನ್ನು ಹುಯ್ಯುವ ಬಾಣಲೆಯ ಲೇಪವು ಮೊದಲು ಸೇವೆ ಮಾಡಿದ್ದು ಅಂಥ ಕಾರ್ಯದಲ್ಲಿ.

ಇಲ್ಲಿ ಒಂದು ವಿರೋಧಾಭಾಸವು ಎದುರಾಯಿತು. ಯಾವುದಕ್ಕೂ ಅಂಟದ ವಸ್ತುವನ್ನು ಪಾತ್ರೆಗೆ ಅಂಟಿಸುವುದು ಹೇಗೆ? ನಿರ್ಲೇಪವಾದುದನ್ನೇ ಲೇಪವನ್ನಾಗಿ ಮಾಡುವ ಈ ಸಮಸ್ಯೆಯನ್ನು ಬಿಡಿಸಿದವನು ಫ್ರಾನ್ಸು ದೇಶದ ಮಾರ್ಕ್ ಗ್ರೆಗ್ವಾರ್ ಎಂಬ ಇಂಜಿನಿಯರು. ಅಲ್ಯುಮಿನಿಯಮ್ಮಿನ ಮೈಯನ್ನು ಆಮ್ಲದಿಂದ ಸವೆಯಿಸಿ, ಕಣ್ಣಿಗೆ ಕಾಣದ ಅಸಂಖ್ಯಾತ ಕುಳಿಗಳನ್ನು ಮಾಡಿ, ಅವುಗಳೊಳಕ್ಕೆ ಪುಡಿಯನ್ನು ಹೋಗಗೊಡಿಸಿ ಕಾಯಿಸಿದರೆ, ಗೋಡೆಯ ಒರಟುಮೈಯನ್ನು ಗಾರೆಯು ಕಚ್ಚಿ ಹಿಡಿಯುವಂತೆ ಲೇಪವು ಲೋಹವನ್ನು ಹಿಡಿದು ನಿಲ್ಲುತ್ತದೆಂಬುದನ್ನು ಅವನು ಕಂಡುಕೊಂಡನು. ಅವನು ಇದನ್ನು ಮೊದಲು ಮೀನು ಹಿಡಿಯುವ ಸಲಕರಣೆಗಾಗಿ ಯೋಚಿಸಿದನೆಂದೂ, ಅವನ ಪತ್ನಿಯಾದ ಕೊಲೆತ್ ಎಂಬಾಕೆಯು ತನ್ನ ಬಾಣಲೆಗಳಿಗೆ ಅದನ್ನು ಬಳಿದುಕೊಡಬೇಕೆಂದು ಕೇಳಿದಳೆಂದೂ ಪ್ರತೀತಿಯಿದೆ. ಹಾಗಿದ್ದಲ್ಲಿ ಈ ಪಾತ್ರೆಯ ಅರ್ಧದಷ್ಟು ಕೀರ್ತಿಯು ಗೃಹಿಣಿಗೆ ಸಲ್ಲತಕ್ಕದ್ದು. 1954ರಲ್ಲಿ ಹಕ್ಕುಪತ್ರಕ್ಕೆ ಅರ್ಜಿಯಾಯಿತು. 1956ರಲ್ಲಿ ದಂಪತಿಗಳು "ಟೆಫಾಲ್" ಎಂಬ ಸಂಸ್ಥೆಯನ್ನು ಆರಂಭಿಸಿದರು. ಟೆಫ್ಲಾನ್, ಅಲ್ಯುಮಿನಿಯಂ ಎಂಬ ಎರಡು ಹೆಸರುಗಳ ಸಂಧಿಯಿಂದ ಆ ಹೆಸರು ಹುಟ್ಟಿತು. 1958ರಲ್ಲಿ ಫ್ರಾನ್ಸಿನ ಆರೋಗ್ಯಮಂಡಲಿಯು ಬಾಣಲೆಗಳಲ್ಲಿ ಇದರ ಬಳಕೆಗೆ ಒಪ್ಪಿಗೆಯನ್ನಿತ್ತಿತು.

ಲೇಪದ ಜನ್ಮಭೂಮಿಯಾದ ಅಮೆರಿಕಕ್ಕೆ ಬಾಣಲೆಯ ರೂಪದಲ್ಲಿ ಅದು ಮರಳಿಹೋದುದು ಫ್ರಾನ್ಸಿನ ಮಾರ್ಗವಾಗಿ. ಥಾಮಸ್ ಹಾರ್ಡಿ ಎಂಬ ವರ್ತಕನು ಅಂಗಡಿಯಿಂದಂಗಡಿಗೆ ತಿರುಗಿ, ಕೊನೆಗೆ ನ್ಯೂಯಾರ್ಕ್ ನಗರದ ಮೇಸೀಸ್ ಎಂಬ ದೊಡ್ಡ ಮಳಿಗೆಯವರನ್ನು 200 ಬಾಣಲೆಗಳನ್ನು ಕೊಳ್ಳುವಂತೆ ಒಪ್ಪಿಸಿದನು. 1960ರ ಡಿಸೆಂಬರ್ ತಿಂಗಳಲ್ಲಿ ಒಂದಕ್ಕೆ 6 ಡಾಲರು 94 ಸೆಂಟುಗಳಂತೆ ಮಾರಾಟಕ್ಕಿಡಲಾಗಿ, ಹೊರಗೆ ಹಿಮದ ಬಿರುಗಾಳಿಯು ಬೀಸುತ್ತಿದ್ದರೂ ಎರಡೇ ದಿನಗಳಲ್ಲಿ ಅಷ್ಟೂ ಮುಗಿದುವು. ಮರುವರುಷವೇ ಮೇರಿಯನ್ ಟ್ರೊಟ್ಸೋಲೋ ಎಂಬವನು ಕಾನ್ಸಸ್ ನಗರದಲ್ಲಿ "ಹ್ಯಾಪಿ ಪ್ಯಾನ್" ಎಂಬ ಬಾಣಲೆಯನ್ನು ಹೊರಡಿಸಿದನು. ಭಾರತದಲ್ಲಿ ಈ ಕೈಗಾರಿಕೆಯು 1968ರಲ್ಲಿ, ಇಂದು ಛತ್ರಪತಿ ಸಂಭಾಜಿನಗರವೆಂದು ಕರೆಯಲ್ಪಡುವ ಔರಂಗಾಬಾದಿನಲ್ಲಿ ಮೊದಲಾಯಿತು. ಅದನ್ನು ಸ್ಥಾಪಿಸಿದವರು ತಮ್ಮ ಪಾತ್ರೆಗೆ "ನಿರ್ಲೇಪ್" ಎಂದು ಹೆಸರಿಟ್ಟರು. ವೇದಾಂತದಲ್ಲಿ ಸಂಗವಿಲ್ಲದ ಆತ್ಮಕ್ಕೆ ಸಲ್ಲುವ ವಿಶೇಷಣವು ಹೀಗೆ ಬಾಣಲೆಗೆ ಸಂದಿತು. ಲೇಪವುಳ್ಳ ಪಾತ್ರೆಯನ್ನು ನಿರ್ಲೇಪವೆನ್ನುವುದು ಶಬ್ದಾರ್ಥದಲ್ಲಿ ವಿನೋದವಾಗಿದ್ದರೂ, ಅನ್ನವು ಅಂಟದೆಂಬ ಭಾವಾರ್ಥದಲ್ಲಿ ಸಾಧುವೇ ಆಗಿದೆ.

ಆದರೆ ಮಾರಾಟವು ಬೆಳೆದಂತೆ ದೋಷವೂ ಬಯಲಾಯಿತು. ಪಿ.ಟಿ.ಎಫ್.ಇ.ಯು ನುಣುಪಾದುದೇ ಹೊರತು ಗಟ್ಟಿಯಾದುದಲ್ಲ. ಲೋಹದ ಮೊಗಚುವ ಕೈಯಿಂದ ಕೆರೆದರೆ ಗೀರಾಗುವುದು. ಗೀರು ಬಿದ್ದೆಡೆಯಲ್ಲಿ ಅನ್ನವು ಹಿಡಿಯುವುದು. ಹಿಡಿದುದನ್ನು ತಿಕ್ಕಿದರೆ ಗೀರು ಅಗಲವಾಗುವುದು. ಕಬ್ಬಿಣದ ಕಾವಲಿಯು ಬಳಕೆಯಿಂದ ಉತ್ತಮವಾಗುತ್ತದೆ. ಈ ಬಾಣಲೆಯು ಬಳಕೆಯಿಂದ ಕೆಡುತ್ತದೆ. ಕಲಾಯಿಯೂ ಸವೆಯುತ್ತಿತ್ತು, ನಿಜ. ಆದರೆ ಈ ಲೇಪವನ್ನು ಬೀದಿಯಲ್ಲಿ ಹೊಸದು ಮಾಡಿಕೊಡುವ ಕಲಾಯಿಗಾರನಿಲ್ಲ. ಲೇಪವು ಸವೆದರೆ ಪಾತ್ರೆಯೇ ಕಸವಾಗುವುದು.

ಅಂದಿನಿಂದ ಇಂದಿನವರೆಗೆ ತಯಾರಕರು ಪಟ್ಟ ಶ್ರಮವೆಲ್ಲವೂ ಈ ಮೃದುವಾದ ಲೇಪಕ್ಕೆ ಗಟ್ಟಿಯಾದ ಆಸರೆಯೊಂದನ್ನು ಒದಗಿಸುವುದಕ್ಕಾಗಿ. ಕೆಲವರು ಕರಗಿದ ಉಕ್ಕನ್ನು ಪಾತ್ರೆಯ ಮೈಯ ಮೇಲೆ ಸಿಂಪಡಿಸಿ, ಸೂಕ್ಷ್ಮವಾದ ಗುಡ್ಡ ಕಣಿವೆಗಳನ್ನು ಉಂಟುಮಾಡಿ, ಕಣಿವೆಗಳಲ್ಲಿ ಲೇಪವನ್ನು ತುಂಬಿದರು. 1980ರ ದಶಕದಲ್ಲಿ "ಸರ್ಕ್ಯುಲಾನ್" ಎಂಬ ಪಾತ್ರೆಯವರು ನೀರಿನ ಅಲೆಗಳಂತೆ ಒಂದರೊಳಗೊಂದು ವೃತ್ತವಾದ ಏಣುಗಳನ್ನು ಒಳಮೈಯಲ್ಲಿ ಎಬ್ಬಿಸಿದರು. ಮೊಗಚುವ ಕೈಯು ಏಣುಗಳ ಮೇಲೆ ಜಾರಿಹೋದರೆ ತಗ್ಗಿನಲ್ಲಿರುವ ಲೇಪವು ಉಳಿಯುವುದೆಂಬುದು ಅವರ ಯೋಚನೆ. ಆರು ಮೂಲೆಗಳ ಉಕ್ಕಿನ ಏಣುಗಳುಳ್ಳ ಬಾಣಲೆಯನ್ನು ಪ್ರಸಿದ್ಧಿಗೆ ತಂದ "ಹೆಕ್ಸ್‌ಕ್ಲಾಡ್" ಎಂಬ ಸಂಸ್ಥೆಯು ಲಾಸ್ ಏಂಜಲೀಸ್ ನಗರದಲ್ಲಿ 2016ರಲ್ಲಿ ಆರಂಭವಾಯಿತು. ಆದಕಾರಣ ಹೈಬ್ರಿಡ್ ಬಾಣಲೆಯು ಆಕಾಶದಿಂದ ಇಳಿದದ್ದಲ್ಲ. ಗ್ರೆಗ್ವಾರನು ಆಮ್ಲದಿಂದ ಕೊರೆದ ಕುಳಿಗಳೇ ದೊಡ್ಡವಾಗಿ, ಕಣ್ಣಿಗೆ ಕಾಣುವಂತೆ, ಉಕ್ಕಿನ ಅಂಚನ್ನು ಕಟ್ಟಿಕೊಂಡು ಬಂದಿವೆ.

ಇಂಥ ಬಾಣಲೆಯ ತಳವೂ ಸಾಮಾನ್ಯವಾಗಿ ಮೂರು ಪದರಗಳ ಮಿಶ್ರಣವೇ. ತುಕ್ಕುಹಿಡಿಯದ ಉಕ್ಕು ದೃಢವಾದುದು, ಹುಳಿಗೆ ಹೆದರದು. ಆದರೆ ಕಾವನ್ನು ಹರಡುವುದರಲ್ಲಿ ಮಂದ. ಅಲ್ಯುಮಿನಿಯಂ ಅದಕ್ಕಿಂತ ಹತ್ತು ಪಾಲಿಗೂ ಹೆಚ್ಚು ವೇಗವಾಗಿ ಕಾವನ್ನು ಹರಡುತ್ತದೆ, ಆದರೆ ಮೃದು. ಆದುದರಿಂದ ಎರಡು ಉಕ್ಕಿನ ಹಾಳೆಗಳ ನಡುವೆ ಅಲ್ಯುಮಿನಿಯಮ್ಮನ್ನಿಟ್ಟು ಒತ್ತಿ ಒಂದಾಗಿಸುತ್ತಾರೆ. ಕುರುಡನ ಹೆಗಲ ಮೇಲೆ ಹೆಳವನು ಕುಳಿತು ದಾರಿ ತೋರಿಸುತ್ತ ಇಬ್ಬರೂ ಊರು ಸೇರಿದರೆಂಬ ಪಂಗ್ವಂಧ ನ್ಯಾಯವನ್ನು ಸಾಂಖ್ಯರು ಹೇಳುತ್ತಾರೆ. ಹೈಬ್ರಿಡ್ ಬಾಣಲೆಯಲ್ಲಿ ಈ ನ್ಯಾಯವು ಎರಡು ಸಲ ನಡೆದಿದೆ. ತಳದಲ್ಲಿ ಉಕ್ಕಿಗೂ ಅಲ್ಯುಮಿನಿಯಮ್ಮಿಗೂ, ಮೇಲೆ ಉಕ್ಕಿಗೂ ಲೇಪಕ್ಕೂ. ಆದರೆ ಹೆಗಲ ಮೇಲೆ ಕುಳಿತಮಾತ್ರಕ್ಕೆ ಹೆಳವನಿಗೆ ಕಾಲು ಬರುವುದಿಲ್ಲವೆಂಬುದನ್ನೂ ಮರೆಯಬಾರದು. ಉಕ್ಕಿನ ಏಣು ಅನ್ನಕ್ಕೆ ತಗಲುವುದರಿಂದ ಇದು ಪೂರ್ತಿ ಲೇಪದ ಬಾಣಲೆಯಷ್ಟು ನುಣುಪಲ್ಲ. ಲೇಪವು ತಗ್ಗಿನಲ್ಲಿ ಇರುವುದರಿಂದ ಬರಿಯ ಉಕ್ಕಿನಷ್ಟು ನಿರ್ಭಯವೂ ಅಲ್ಲ.

ಈ ಚರಿತ್ರೆಯಲ್ಲಿ ಅಡಿಗೆಯ ಮನೆಗೆ ಬಹುಕಾಲ ತಿಳಿಯದಿದ್ದ ಒಂದು ಅಧ್ಯಾಯವುಂಟು. ಪಿ.ಟಿ.ಎಫ್.ಇ.ಯನ್ನು ತಯಾರಿಸುವಾಗ ಪಿ.ಎಫ್.ಓ.ಎ. ಎಂಬ ಸಾಬೂನಿನಂಥ ಸಹಾಯಕ ದ್ರವ್ಯವನ್ನು ಬಳಸುತ್ತಿದ್ದರು. ಪಶ್ಚಿಮ ವರ್ಜೀನಿಯ ಸಂಸ್ಥಾನದ ಪಾರ್ಕರ್ಸ್‌ಬರ್ಗ್ ಊರಿನ ಬಳಿ, ಒಹಾಯೋ ನದಿಯ ದಡದಲ್ಲಿರುವ ಕಾರ್ಖಾನೆಯಲ್ಲಿ 1951ರಿಂದ ಇದರ ಬಳಕೆ ನಡೆಯಿತು. ಈ ದ್ರವ್ಯವು ಮಣ್ಣಿನಲ್ಲಿಯೂ ನೀರಿನಲ್ಲಿಯೂ ಕೊಳೆಯದು. ದೇಹವನ್ನು ಹೊಕ್ಕರೆ ಹೊರಬೀಳಲು ವರುಷಗಳೇ ಬೇಕು. ಕಾರ್ಖಾನೆಯ ಕಸವನ್ನು ಹೂಳಿದ ಜಾಗದ ಕೆಳಗಣ ಹಳ್ಳದ ನೀರನ್ನು ಕುಡಿದ ಒಬ್ಬ ರೈತನ ದನಗಳು ಒಂದರ ಮೇಲೊಂದು ಸತ್ತುವು. ಅವನ ಪರವಾಗಿ ರಾಬ್ ಬಿಲಟ್ ಎಂಬ ನ್ಯಾಯವಾದಿಯು 1999ರಲ್ಲಿ ದಾವೆಯನ್ನು ಹೂಡಿದನು. 2001ರಲ್ಲಿ ಸುತ್ತಲಿನ ಊರುಗಳ ನೀರನ್ನು ಕುಡಿದ ಜನರ ಪರವಾಗಿ ಇನ್ನೊಂದು ದಾವೆಯಾಯಿತು. ಅದರ ರಾಜಿಯ ಮೇರೆಗೆ ಸುಮಾರು 69,000 ಜನರ ರಕ್ತವನ್ನೂ ಆರೋಗ್ಯವನ್ನೂ ಪರೀಕ್ಷಿಸಲಾಯಿತು. ಮೂವರು ವಿಜ್ಞಾನಿಗಳ ಮಂಡಲಿಯು ಆ ದ್ರವ್ಯಕ್ಕೂ ಆರು ವ್ಯಾಧಿಗಳಿಗೂ ಸಂಬಂಧವಿರುವುದು ಸಂಭಾವ್ಯವೆಂದು 2011 ಮತ್ತು 2012ರಲ್ಲಿ ತೀರ್ಮಾನವಿತ್ತಿತು. ಮೂತ್ರಪಿಂಡದ ಮತ್ತು ವೃಷಣದ ಕ್ಯಾನ್ಸರುಗಳು ಅವುಗಳಲ್ಲಿ ಸೇರಿದ್ದುವು. 2017ರಲ್ಲಿ ಸುಮಾರು 3,550 ದಾವೆಗಳು 67 ಕೋಟಿ ಡಾಲರುಗಳಿಗೂ ಮಿಕ್ಕ ಪರಿಹಾರದಿಂದ ಮುಗಿದುವು. ಅಮೆರಿಕದ ದೊಡ್ಡ ತಯಾರಕರು 2015ರೊಳಗಾಗಿ ಈ ದ್ರವ್ಯವನ್ನು ಬಿಡುವುದೆಂದು ಒಪ್ಪಂದವಾಯಿತು. 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಇದು ಸೇರಿತು.

ಇದರಲ್ಲಿ ಗಮನಿಸತಕ್ಕ ಅಂಶವೊಂದಿದೆ. ಬಾಣಲೆಯನ್ನು ಕಾರ್ಖಾನೆಯಲ್ಲಿ ಕಾಯಿಸುವಾಗಲೇ ಆ ದ್ರವ್ಯವು ಬಹುಮಟ್ಟಿಗೆ ಹಾರಿಹೋಗುತ್ತಿತ್ತು. ಆದಕಾರಣ ಮುಖ್ಯವಾದ ಹಾನಿಯನ್ನು ಅನುಭವಿಸಿದವರು ಬಾಣಲೆಯಲ್ಲಿ ಬೇಯಿಸಿ ಉಂಡವರಲ್ಲ, ಕಾರ್ಖಾನೆಯ ಕೆಲಸಗಾರರು ಮತ್ತು ಆ ನದಿಯ ನೀರನ್ನು ಕುಡಿದವರು. ಒಂದು ಮನೆಯಲ್ಲಿ ಪಾತ್ರೆ ತಿಕ್ಕುವ ಶ್ರಮವು ಕಡಿಮೆಯಾದುದಕ್ಕೆ ಇನ್ನೆಲ್ಲಿಯೋ ಒಂದು ಮನೆಯು ಬೆಲೆಯನ್ನು ತೆತ್ತಿತು. ಕೊಳ್ಳುವವರು ಪಾತ್ರೆಯ ಮೇಲಿನ ಚೀಟಿಯನ್ನು ಓದಬೇಕಾದುದು ತಮ್ಮ ಆರೋಗ್ಯಕ್ಕಾಗಿ ಮಾತ್ರವಲ್ಲ.

ಆ ಚೀಟಿಯನ್ನು ಓದುವುದಕ್ಕೂ ಸ್ವಲ್ಪ ವ್ಯುತ್ಪತ್ತಿಯು ಬೇಕು. "ಪಿ.ಎಫ್.ಓ.ಎ. ಇಲ್ಲ" ಎಂಬುದು ಒಂದು ಮಾತು, "ಪಿ.ಎಫ್.ಏ.ಎಸ್. ಇಲ್ಲ" ಎಂಬುದು ಬೇರೊಂದು ಮಾತು. ಮೊದಲನೆಯದು ಒಂದು ದ್ರವ್ಯದ ಹೆಸರು, ಎರಡನೆಯದು ಇಡೀ ವಂಶದ ಹೆಸರು. ಪಿ.ಟಿ.ಎಫ್.ಇ.ಯೂ ಆ ವಂಶಕ್ಕೇ ಸೇರಿದುದು. ಒಬ್ಬ ಮಗನು ಮನೆಯಲ್ಲಿಲ್ಲವೆಂದಮಾತ್ರಕ್ಕೆ ಮನೆತನವೇ ಇಲ್ಲವೆಂದಾಗುವುದಿಲ್ಲ. ಷಟ್ಕೋನದ ಬಾಣಲೆಯವರ ಮೇಲೆಯೇ ಈ ಬಗೆಯ ಜಾಹೀರಾತಿನ ವಿಷಯವಾಗಿ ಅಮೆರಿಕದಲ್ಲಿ ದಾವೆಯಾಗಿ, ಅವರು ತಪ್ಪನ್ನು ಒಪ್ಪಿಕೊಳ್ಳದೆಯೇ 25 ಲಕ್ಷ ಡಾಲರುಗಳಿಗೆ ರಾಜಿ ಮಾಡಿಕೊಂಡರು. 2024ರಲ್ಲಿ ಅವರು ತಗ್ಗುಗಳಲ್ಲಿ ಪಿ.ಟಿ.ಎಫ್.ಇ.ಯನ್ನು ಬಿಟ್ಟು ಸಿರಾಮಿಕ್ ಲೇಪವನ್ನು ಬಳಸತೊಡಗಿದರು. ಅಮೆರಿಕದ ಮಿನೆಸೋಟ ಸಂಸ್ಥಾನವು 2025ರ ಜನವರಿ 1ರಿಂದ ಈ ವಂಶದ ದ್ರವ್ಯಗಳನ್ನು ಬೆರಸಿದ ಅಡಿಗೆಯ ಪಾತ್ರೆಗಳ ಮಾರಾಟವನ್ನು ನಿಷೇಧಿಸಿತು. ಅದೇ ವರುಷ ಫ್ರಾನ್ಸು ದೇಶವು ಇದೇ ದ್ರವ್ಯಗಳನ್ನು ಕುರಿತು ಕಾಯಿದೆಯನ್ನು ಮಾಡಿದರೂ ಅಡಿಗೆಯ ಪಾತ್ರೆಗಳನ್ನು ಅದರಿಂದ ಹೊರಗಿಟ್ಟಿತು. ಗ್ರೆಗ್ವಾರನ ದೇಶಕ್ಕೆ ಬಾಣಲೆಯ ಮೇಲಣ ಮಮತೆಯು ಹೋಗಲಿಲ್ಲ.

ಸಿರಾಮಿಕ್ ಲೇಪವೆಂಬುದು ಮರಳಿನ ಮೂಲದ್ರವ್ಯವಾದ ಸಿಲಿಕದಿಂದ ಮಾಡಿದ ಗಾಜಿನಂಥ ತೆಳುಪೊರೆ. 2007ರಲ್ಲಿ ಬೆಲ್ಜಿಯಮ್ಮಿನ "ಗ್ರೀನ್‌ಪ್ಯಾನ್" ಸಂಸ್ಥೆಯವರು ಇದನ್ನು ಬಾಣಲೆಗಳಲ್ಲಿ ಪ್ರಚಾರಕ್ಕೆ ತಂದರು. ಇದರಲ್ಲಿ ಫ್ಲೂರಿನ್ ಇಲ್ಲ, ಕಾವನ್ನು ಹೆಚ್ಚಾಗಿ ಸಹಿಸುತ್ತದೆ. ಆದರೆ ಇದರ ನುಣುಪು ಸಾಮಾನ್ಯವಾಗಿ ಪಿ.ಟಿ.ಎಫ್.ಇ.ಗಿಂತ ಬೇಗನೆ ಮಾಸುತ್ತದೆ. ದೀರ್ಘಾಯುಸ್ಸನ್ನು ಬಯಸುವವರಿಗೆ ಒಂದು, ನಿಶ್ಚಿಂತೆಯನ್ನು ಬಯಸುವವರಿಗೆ ಇನ್ನೊಂದು. ಎರಡನ್ನೂ ಪೂರ್ತಿಯಾಗಿ ಕೊಡುವ ಲೇಪವು ಇನ್ನೂ ಹುಟ್ಟಿಲ್ಲ.

ಇಷ್ಟನ್ನು ತಿಳಿದ ಬಳಿಕ ಆಯ್ಕೆಯು ಕಷ್ಟವಲ್ಲ. ಅನ್ನವು ಬೆಂದಿದೆಯೇ ಎಂದು ಒಂದು ಅಗುಳನ್ನು ಹಿಸುಕಿ ನೋಡುವ ಸ್ಥಾಲೀಪುಲಾಕ ನ್ಯಾಯವನ್ನು ಅಂಗಡಿಯಲ್ಲಿಯೂ ಅನುಸರಿಸಬಹುದು. ಮೊದಲು, ತಗ್ಗಿನಲ್ಲಿರುವ ಲೇಪವು ಯಾವುದೆಂದು ಹೆಸರು ಹಿಡಿದು ಕೇಳಬೇಕು. ಹೆಸರನ್ನು ಹೇಳದೆ "ವಿಷವಿಲ್ಲ" ಎಂದಷ್ಟೇ ಹೇಳುವ ಚೀಟಿಗೆ ಬೆಲೆಯಿಲ್ಲ. ಎರಡನೆಯದು, ಬೆರಳನ್ನು ಆಡಿಸಿ ಏಣುಗಳು ನಿಜವಾಗಿ ಲೇಪಕ್ಕಿಂತ ಎತ್ತರವಾಗಿವೆಯೇ ಎಂದು ನೋಡಬೇಕು. ಬರಿಯ ಚಿತ್ರದಂತೆ ಗೆರೆಗಳನ್ನು ಬರೆದು ಅವುಗಳ ಮೇಲೆಯೂ ಲೇಪವನ್ನು ಬಳಿದ ಬಾಣಲೆಗಳೂ ಇವೆ, ಅವುಗಳಲ್ಲಿ ಏಣು ಏನನ್ನೂ ಕಾಯುವುದಿಲ್ಲ. ಮೂರನೆಯದು, ಪದರಗಳು ತಳದಲ್ಲಿ ಮಾತ್ರ ಇವೆಯೋ ಅಥವಾ ಅಂಚಿನವರೆಗೆ ಏರಿವೆಯೋ ಎಂದು ವಿಚಾರಿಸಬೇಕು. ತಳದಲ್ಲಿ ಮಾತ್ರ ಇದ್ದರೆ ಪಕ್ಕಗಳು ಸಮನಾಗಿ ಕಾಯವು. ನಾಲ್ಕನೆಯದು, ಇಂಡಕ್ಷನ್ ಒಲೆಯುಳ್ಳವರು ಒಂದು ಅಯಸ್ಕಾಂತದ ತುಂಡನ್ನು ತಳಕ್ಕೆ ಹಿಡಿದು ನೋಡಬೇಕು. ಅದು ಕಚ್ಚದಿದ್ದರೆ ಆ ಒಲೆಯ ಮೇಲೆ ಪಾತ್ರೆಯು ಕಾಯುವುದಿಲ್ಲ. ಕೊನೆಯದಾಗಿ, ಒಂದು ಕೈಯಿಂದ ಎತ್ತಿ ನೋಡಬೇಕು. ಮೂರು ಪದರಗಳ ಪಾತ್ರೆಯು ಭಾರವಾಗಿರುತ್ತದೆ. ವಯಸ್ಸಾದವರ ಮಣಿಕಟ್ಟಿಗೆ ಹೊರೆಯಾದ ಬಾಣಲೆಯು ಎಷ್ಟು ಉತ್ತಮವಾದರೂ ಅಟ್ಟಕ್ಕೆ ಸೇರುವುದು.

ಬಳಕೆಯ ವಿಷಯದಲ್ಲಿ ಮುಖ್ಯವಾದ ಶತ್ರುವು ಉರಿ. ಪಿ.ಟಿ.ಎಫ್.ಇ. ಲೇಪವು ಸುಮಾರು 260 ಡಿಗ್ರಿಯನ್ನು ದಾಟಿದರೆ ಕೆಡಲು ತೊಡಗುತ್ತದೆ. 350 ಡಿಗ್ರಿಯ ಸುಮಾರಿಗೆ ಒಡೆದು ಹೊಗೆಯನ್ನು ಬಿಡುತ್ತದೆ. ಆ ಹೊಗೆಯಿಂದ ಮನುಷ್ಯರಿಗೆ ಚಳಿಜ್ವರದಂಥ ಉಪದ್ರವವಾಗಬಹುದು. ಪಂಜರದ ಗಿಳಿಗಳು ಸತ್ತುಹೋಗುವುದುಂಟು. ಬರಿದಾದ ಬಾಣಲೆಯು ದೊಡ್ಡ ಉರಿಯ ಮೇಲೆ ಕೆಲವೇ ನಿಮಿಷಗಳಲ್ಲಿ ಆ ಮಿತಿಯನ್ನು ಮೀರಬಲ್ಲುದು. ಆದುದರಿಂದ ಬರಿದಾಗಿ ಇಟ್ಟು ಮರೆಯಬಾರದು. ಮೊದಲೇ ಸ್ವಲ್ಪ ಎಣ್ಣೆಯನ್ನು ಸವರಿ ನಡುತರದ ಉರಿಯಲ್ಲಿ ಕಾಯಿಸಬೇಕು. ಕಡಲೆಕಾಯಿ, ಎಳ್ಳು, ಕೊಬ್ಬರಿ ಎಣ್ಣೆಗಳು ಹೊಗೆಯಾಡತೊಡಗುವುದು ಆ ಮಿತಿಗಿಂತ ಕೆಳಗೇ ಆದಕಾರಣ, ಎಣ್ಣೆಯ ಹೊಗೆಯನ್ನು ಎಚ್ಚರಿಕೆಯ ಗಂಟೆಯೆಂದು ತಿಳಿದು ಉರಿಯನ್ನು ಇಳಿಸಬೇಕು. ಎಣ್ಣೆಯೇ ಬೇಡವೆಂಬ ಮಾತನ್ನು ಹೈಬ್ರಿಡ್ ಬಾಣಲೆಯ ಮಟ್ಟಿಗೆ ನಂಬಬಾರದು. ಉಕ್ಕಿನ ಏಣುಗಳು ಕಬ್ಬಿಣದ ಕಾವಲಿಯಂತೆಯೇ ಸ್ನೇಹವನ್ನು ಬೇಡುತ್ತವೆ.

ಲೋಹದ ಮೊಗಚುವ ಕೈಯನ್ನು ಚಪ್ಪಟೆಯಾಗಿ ಆಡಿಸಿದರೆ ಏಣು ಲೇಪವನ್ನು ಕಾಪಾಡುತ್ತದೆ. ಚಾಕುವಿನ ಮೊನೆಯಾಗಲಿ ಚಮಚದ ಅಂಚಾಗಲಿ ತಗ್ಗಿಗೆ ಇಳಿದರೆ ಕಾಪಾಡದು. ಮರದ ಸೌಟೇ ಮೇಲು. ಕಾದ ಬಾಣಲೆಗೆ ತಣ್ಣೀರನ್ನು ಸುರಿಯಬಾರದು; ತಳವು ಸೊಟ್ಟಗಾಗಿ, ಮುಂದೆ ಒಲೆಯ ಮೇಲೆ ಕುಳಿತುಕೊಳ್ಳುವುದಿಲ್ಲ. ಆರಿದ ಮೇಲೆ ಬಿಸಿನೀರಿನಲ್ಲಿ ನೆನೆಯಿಟ್ಟು ಮೆತ್ತನೆಯ ನಾರಿನಿಂದ ತೊಳೆಯಬೇಕೇ ಹೊರತು ಉಕ್ಕಿನ ಜುಂಗಿನಿಂದ ತಿಕ್ಕಬಾರದು. ಪಾತ್ರೆಗಳನ್ನು ಒಂದರ ಮೇಲೊಂದು ಪೇರಿಸುವಾಗ ನಡುವೆ ಒಂದು ಬಟ್ಟೆಯನ್ನು ಹಾಕಬೇಕು. ತಗ್ಗುಗಳಲ್ಲಿ ಲೇಪವು ಎದ್ದು ಸಿಪ್ಪೆಯಾಗಲು ತೊಡಗಿದರೆ ಅದರ ಸೇವೆಯು ಮುಗಿಯಿತೆಂದು ತಿಳಿಯತಕ್ಕದ್ದು. ಕೊಟ್ಟ ಬೆಲೆಯನ್ನು ನೆನೆದು ಅದನ್ನು ಇನ್ನೂ ನಾಲ್ಕು ವರುಷ ಎಳೆಯುವುದು ಮಿತವ್ಯಯವಲ್ಲ.

ಇನ್ನು ಉಳಿಯುವುದು ಒಂದು ಪ್ರಶ್ನೆ. ಹೊಸದು ಬಂದಮೇಲೆ ಹಳೆಯ ಕಾವಲಿಯನ್ನು ಏನು ಮಾಡಬೇಕು? ಗುಜರಿಯವನಿಗೆ ತೂಕಕ್ಕೆ ಹಾಕಿದ ಮನೆಗಳು ಅನೇಕ. ಅವುಗಳಲ್ಲಿ ಕೆಲವು ಮನೆಯವರು ಈಗ ಪೇಟೆಯಲ್ಲಿ ಅಂಥದನ್ನೇ ಹೆಚ್ಚು ಬೆಲೆ ಕೊಟ್ಟು ಹುಡುಕುತ್ತಿದ್ದಾರೆ. ದೋಸೆಗೂ ರೊಟ್ಟಿಗೂ ಬೇಕಾದ ದೊಡ್ಡ ಕಾವನ್ನು ಹೆದರದೆ ಹೊರಬಲ್ಲುದು ಕಬ್ಬಿಣವೇ. ಹುಳಿ ಬೆರಸಿದ ಪಲ್ಯಕ್ಕೂ, ಮೆತ್ತಗಿರುವ ಪನ್ನೀರಿಗೂ, ಸ್ವಲ್ಪ ಎಣ್ಣೆಯಲ್ಲಿ ಹುರಿಯಬೇಕಾದ ತರಕಾರಿಗೂ ಹೈಬ್ರಿಡ್ ಬಾಣಲೆಯು ಅನುಕೂಲವಾದುದು. ಒಂದೇ ಪಾತ್ರೆಯಿಂದ ಎಲ್ಲವನ್ನೂ ಮಾಡಿಸಬೇಕೆಂಬ ಹಟವನ್ನು ಬಿಟ್ಟರೆ ಎರಡೂ ಬಹುಕಾಲ ಬಾಳುತ್ತವೆ. ಹೊಸ ಬಾಣಲೆಯನ್ನು ತಂದ ದಿನ, ಗೋಡೆಯ ಮೊಳೆಯಲ್ಲಿ ತೂಗುವ ಅಜ್ಜಿಯ ಕಾವಲಿಯನ್ನು ಇಳಿಸಿ, ಅದಕ್ಕೂ ಒಂದು ತೊಟ್ಟು ಎಣ್ಣೆಯನ್ನು ಸವರಿ ಮತ್ತೆ ಅಲ್ಲಿಯೇ ತೂಗಹಾಕುವುದು ಒಳ್ಳೆಯದು.